47, ಮತ್ತೆ 47!

ಜಹೀರಾಬಾದಿನ ಬಸ್ ನಿಲ್ದಾಣದೆದುರು ಚಹಾ ಕುಡಿಯುತ್ತ ನಿಂತವನು ಕೈಯಲ್ಲಿದ್ದ ಗ್ಲಾಸನ್ನೇ ಮರೆತುಬಿಟ್ಟೆ. ಮೊಬೈಲಿನ ಪರದೆ ಮೇಲೆ ಎರಡು ಹೆಸರು. ಒಂದು ಹೈದರಾಬಾದಿನ ಸೈಯದ್ ಅಬೀದ್ ಅಲಿ, ಇನ್ನೊಂದು ಬೆಂಗಳೂರಿನ ರೋಜರ್ ಬಿನ್ನಿ. ಅಬೀದ್ ಅಲಿ ಟೆಸ್ಟ್‌ನಲ್ಲಿ ಪಡೆದ ವಿಕೆಟ್ ಎಷ್ಟು? 47. ಬಿನ್ನಿ? 47!

ಕಣ್ಣು ತಪ್ಪಿ ಒಂದೇ ಸಾಲನ್ನು ಎರಡು ಸಲ ಓದಿದೆನೇನೋ ಅಂದುಕೊಂಡು ಮತ್ತೆ ನೋಡಿದೆ. ಇಲ್ಲ, 47 ಮತ್ತು 47. ಸರಿ, ಕಾಕತಾಳೀಯ ಇರಲಿ. ಇನ್ನಿಂಗ್ಸ್ ಒಂದರಲ್ಲಿ ಅಬೀದ್ ಅವರ ಅತ್ಯುತ್ತಮ ಬೌಲಿಂಗ್ 55ಕ್ಕೆ 6. ಬಿನ್ನಿಯವರದು 56ಕ್ಕೆ 6. ಒಂದೇ ಒಂದು ರನ್ನಿನ ಅಂತರ! ಬ್ಯಾಟಿಂಗಿನಲ್ಲಿ ಅಬೀದ್ ಅವರ ಗರಿಷ್ಠ 81, ಬಿನ್ನಿಯವರದು ಅಜೇಯ 83. ಆಡಿದ ಟೆಸ್ಟ್‌ಗಳು 29 ಮತ್ತು 27. ಇಬ್ಬರೂ ಬಲಗೈ ಬ್ಯಾಟರ್, ಇಬ್ಬರೂ ಬಲಗೈ ಮಧ್ಯಮ ವೇಗಿ. ಒಬ್ಬರ ಕೊನೆಯ ಟೆಸ್ಟ್ 1974ರಲ್ಲಿ, ಇನ್ನೊಬ್ಬರ ಮೊದಲನೆಯದು 1979ರಲ್ಲಿ. ಒಬ್ಬರು ಬಿಟ್ಟುಹೋದ ಅಂಗಿಯನ್ನು ಇನ್ನೊಬ್ಬರು ಐದು ವರ್ಷ ಬಿಟ್ಟು ತೊಟ್ಟಹಾಗೆ, ಅದೂ ಹೊಲಿಗೆ ಬಿಚ್ಚದೆ ಮೈಗೆ ಸರಿಯಾಗಿ ಕೂತಹಾಗೆ!

ಇದನ್ನೆಲ್ಲ ಹುಡುಕಲು ಹಚ್ಚಿದ್ದು ಆ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದ ಇಬ್ಬರು ಹಿರಿಯರು. ಒಬ್ಬರು, 'ಅಬೀದ್ ಭಾಯಿ ಮುಂದ ಯಾರೂ ನಿಂದ್ರಂಗಿಲ್ಲ' ಎಂದರೆ ಇನ್ನೊಬ್ಬರು, 'ಏ, ವರ್ಲ್ಡ್ ಕಪ್ ತಂದಾವ ಬಿನ್ನಿ, ಸುಮ್ ಕೂಡು' ಅನ್ನುತ್ತಿದ್ದರು. ಮೊದಲಿನವರು ಕನ್ನಡದಲ್ಲಿ ಶುರುಮಾಡಿ ಸಿಟ್ಟು ಬಂದಾಗ ದಖನಿಗೆ ಹೊರಳುತ್ತಿದ್ದರು. ಎರಡನೆಯವರು ಲೆಕ್ಕ ಹೇಳುವಾಗ ಮಾತ್ರ ತೆಲುಗು. ಇಂಥ ಜಗಳ ನಡೆಯುವುದಿದ್ದರೆ ಇಲ್ಲೇ ನಡೆಯಬೇಕು. ಬೆಂಗಳೂರಿನಲ್ಲಿ ಅಬೀದ್ ಪರ, ಹೈದರಾಬಾದಿನಲ್ಲಿ ಬಿನ್ನಿ ಪರ ವಾದಿಸಲು ಜನ ಸಿಗುವುದು ಕಷ್ಟ. ಆದರೆ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು 1956ರ ನವೆಂಬರ್ 1ರ ತನಕ ಬೀದರ್ ಜಿಲ್ಲೆಯವು. ತಾಂಡೂರು ಗುಲಬರ್ಗಾ ಜಿಲ್ಲೆಯದು. ರಾಜ್ಯಗಳ ಗೆರೆ ಎಳೆದಾಗ ಮೂರೂ ಆಂಧ್ರಪ್ರದೇಶದ ಕಡೆ ಹೋದವು, ಈಗ ತೆಲಂಗಾಣ. ಗೆರೆ ಹೋಯಿತು, ಮಾತು ಮನೆಯಲ್ಲೇ ಉಳಿಯಿತು. ಎರಡೂ ಕಡೆಯ ಆಟಗಾರ 'ನಮ್ಮಾವ' ಅನ್ನಿಸುವ ಊರುಗಳಿವು.

ಅದಿರಲಿ, ಮತ್ತೆ 47ಕ್ಕೆ ಬರೋಣ. ನನ್ನನ್ನು ನಿಜವಾಗಿ ಬೆಚ್ಚಿಬೀಳಿಸಿದ್ದು ಮುಂದಿನ ಸಾಲು. ಒಂದೊಂದು ವಿಕೆಟ್‌ಗೆ ಅಬೀದ್ ಕೊಟ್ಟ ರನ್ ಸರಾಸರಿ 42ಕ್ಕೂ ಹೆಚ್ಚು. ಬಿನ್ನಿ ಕೊಟ್ಟದ್ದು 32ರ ಆಸುಪಾಸು. ಹಾಗಾದರೆ ಬಿನ್ನಿಯೇ ಮೇಲು, ವಾದ ಮುಗಿಯಿತು ಅಂದುಕೊಂಡೆ. ನಾರಾಯಣಖೇಡದ ಬಸ್ಸಿನಲ್ಲಿ ಕೂತು ಹಳೆಯ ಸ್ಕೋರ್‌ಕಾರ್ಡ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಹೋದಂತೆ ವಾದ ಈಗಷ್ಟೇ ಶುರುವಾಗುತ್ತಿದೆ ಎಂದು ಗೊತ್ತಾಯಿತು.

1967ರ ಜುಲೈ, ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್. ಭಾರತ ತಂಡದಲ್ಲಿ ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್, ನಾಲ್ವರೂ ಸ್ಪಿನ್ನರ್‌ಗಳು. ನಾಲ್ವರೂ ಒಟ್ಟಿಗೆ ಆಡಿದ ಒಂದೇ ಒಂದು ಟೆಸ್ಟ್ ಅದು. ಹಾಗಾದರೆ ಹೊಸ ಚೆಂಡು ಯಾರ ಕೈಗೆ? ಮುಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಕೈಗೆ! ಅವರು ವಿಕೆಟ್ ಕೀಪರ್ ಕಣ್ರೀ! 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಎದುರು 192 ಹೊಡೆದು, ಆ ಸರಣಿಯಲ್ಲಿ ಒಟ್ಟು 525 ರನ್ ಗುಡ್ಡೆ ಹಾಕಿದ ಕೀಪರ್. ಅವತ್ತು ಫಾರೂಕ್ ಇಂಜಿನಿಯರ್ ಗ್ಲೌಸ್ ತೊಟ್ಟಿದ್ದರಿಂದ ಕುಂದರನ್ ಕೈ ಖಾಲಿ ಇತ್ತು. ಇನ್ನೊಂದು ತುದಿಯಿಂದ ಚೆಂಡು ಹಿಡಿದವರು ಮೈಸೂರು ರಾಜ್ಯ ತಂಡದ ವಿ. ಸುಬ್ರಮಣ್ಯ. ಅವರೂ ಮುಖ್ಯವಾಗಿ ಬ್ಯಾಟರೇ. ನೀನು ಯಾವ ಥರದ ಬೌಲಿಂಗ್ ಮಾಡುತ್ತೀ ಎಂದು ನಾಯಕ ಪಟೌಡಿ ಕೇಳಿದಾಗ ನನಗೇ ಗೊತ್ತಿಲ್ಲ ಎಂದು ಕುಂದರನ್ ಹೇಳಿದರಂತೆ, ಕ್ರಿಕೆಟ್ ಮಂದಿ ಇಂದಿಗೂ ಆಡಿಕೊಂಡು ನಗುವ ಕತೆ. ಅದೇ ಅವರ ಕೊನೆಯ ಟೆಸ್ಟ್ ಆಯಿತು ಅನ್ನುವುದು ಮಾತ್ರ ನಗು ತರುವುದಿಲ್ಲ.

ಈ ಒಂದು ಪಂದ್ಯ ನೋಡಿದ ಮೇಲೆ ಅಬೀದ್ ಅವರ 42 ಬೇರೆಯಾಗೇ ಕಾಣತೊಡಗಿತು. ಆ ಕಾಲದ ಭಾರತದಲ್ಲಿ ಹೊಸ ಚೆಂಡಿನ ಬೌಲರ್ ಅಂದರೆ ಮದುವೆ ಮನೆಯಲ್ಲಿ ಚಪ್ಪರ ಹಾಕುವವನಿದ್ದಂತೆ. ಊಟದ ಹೊತ್ತಿಗೆ ಅವನನ್ನು ಯಾರೂ ಕೇಳುವುದಿಲ್ಲ. ನಾಲ್ಕು ಓವರ್ ಹಾಕಿ ಚೆಂಡಿನ ಹೊಳಪು ತೆಗೆದುಕೊಟ್ಟರೆ ಸಾಕು, ಮುಂದಿನದು ಸ್ಪಿನ್ನರ್‌ಗಳ ಪಾಲು. ಅಂಥ ಕೆಲಸದಲ್ಲಿ ಅಬೀದ್ ಗಳಿಸಿದ್ದು 47 ವಿಕೆಟ್! ಎಜ್‌ಬಾಸ್ಟನ್ ಮುಗಿದು ಐದು ತಿಂಗಳಿಗೆ, ಅದೇ ಡಿಸೆಂಬರಿನಲ್ಲಿ, ಅಡಿಲೇಡಿನಲ್ಲಿ ಮೊದಲ ಟೆಸ್ಟ್ ಆಡಿದರು. ಆಸ್ಟ್ರೇಲಿಯದ ಆರು ವಿಕೆಟ್, 55 ರನ್ನಿಗೆ. ಅವರೂ ಒಂದು ಕಾಲಕ್ಕೆ ಕೀಪರ್! ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ತಂಡದಲ್ಲಿ ಗ್ಲೌಸ್ ತೊಟ್ಟು ಶುರುಮಾಡಿ ಆಮೇಲೆ ಚೆಂಡು ಹಿಡಿದವರು. ಅದೇ ಪ್ರವಾಸದ ಸಿಡ್ನಿ ಟೆಸ್ಟ್‌ನಲ್ಲಿ ಬ್ಯಾಟಿಂಗ್ ಆರಂಭಿಸಲು ಕಳಿಸಿದರು. ಹೋದರು. 78 ಮತ್ತು 81. ಏನು ಹೇಳಿದರೂ ಮಾಡುವ ಮನುಷ್ಯ! 1971ರ ಆಗಸ್ಟ್‌ನಲ್ಲಿ ಓವಲ್ ಮೈದಾನದಲ್ಲಿ ಮೈಸೂರಿನ ಚಂದ್ರಶೇಖರ್ 38ಕ್ಕೆ 6 ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ್ದು ಎಲ್ಲರಿಗೂ ನೆನಪಿದೆ. ಆ ಪಂದ್ಯದ ಗೆಲುವಿನ ಬೌಂಡರಿ ಕಟ್ ಮಾಡಿದ್ದು ಅಬೀದ್. ಇಂಗ್ಲೆಂಡಿನಲ್ಲಿ ಭಾರತ ಗೆದ್ದ ಮೊದಲ ಸರಣಿ ಅದು.

ಬಸ್ಸು ತೊಗರಿ ಹೊಲಗಳ ನಡುವೆ ಕುಲುಕುತ್ತಿತ್ತು. ನಾನು ಬಿನ್ನಿಯ ಕಡೆ ತಿರುಗಿದೆ. ತಿರುಗಿದರೆ ಅಲ್ಲೊಂದು ನಿಧಿ!

ಚಿಕ್ಕಮಗಳೂರು, 1977-78ರ ರಣಜಿ ಋತು, ಎದುರಿಗೆ ಕೇರಳ. ಕರ್ನಾಟಕದ ಆರಂಭಿಕ ಜೋಡಿ ಸಂಜಯ್ ದೇಸಾಯಿ ಮತ್ತು ರೋಜರ್ ಬಿನ್ನಿ. ದೇಸಾಯಿ ಅಜೇಯ 218, ಬಿನ್ನಿ ಅಜೇಯ 211, ಮುರಿಯದ ಜೊತೆಯಾಟ 451! ಅಂದರೆ ನಾವೆಲ್ಲ ಬೌಲರ್ ಎಂದು ಬಲ್ಲ ಬಿನ್ನಿ ಇನ್ನೂರು ದಾಟಿಯೂ ಔಟಾಗದೆ ವಾಪಸು ಬಂದ ಆರಂಭಿಕ ಬ್ಯಾಟರ್! ಅದೇ ಬಿನ್ನಿ ಆರು ವರ್ಷ ಕಳೆಯುವುದರೊಳಗೆ, 1983ರ ವಿಶ್ವಕಪ್‌ನಲ್ಲಿ, 18 ವಿಕೆಟ್ ಪಡೆದು ಎಲ್ಲ ದೇಶಗಳ ಎಲ್ಲ ಬೌಲರ್‌ಗಳಿಗಿಂತ ಮುಂದೆ ನಿಂತರು. ಚೆಲ್ಮ್ಸ್‌ಫರ್ಡ್‌ನಲ್ಲಿ ಆಸ್ಟ್ರೇಲಿಯದ ನಾಲ್ಕು. ಫೈನಲ್‌ನಲ್ಲಿ ಕ್ಲೈವ್ ಲಾಯ್ಡ್, ಕಪಿಲ್ ಕೈಗೆ ಕ್ಯಾಚ್. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಪಾಕಿಸ್ತಾನದ ಎದುರು ಭಾರತ 85ಕ್ಕೆ 6 ಆಗಿ ಕುಸಿದಾಗ, ಮದನ್ ಲಾಲ್ ಜೊತೆ ನಿಂತು ಅಜೇಯ 83. 1986ರಲ್ಲಿ ಹೆಡಿಂಗ್ಲಿಯಲ್ಲಿ 40ಕ್ಕೆ 5. 1987ರಲ್ಲಿ ಕಲ್ಕತ್ತೆಯಲ್ಲಿ ಆ 56ಕ್ಕೆ 6.

ಇವರ ಕಾಲಕ್ಕೆ ಹೊಸ ಚೆಂಡಿಗೆ ಬೆಲೆ ಬಂದಿತ್ತು. ಇನ್ನೊಂದು ತುದಿಯಲ್ಲಿ ಕಪಿಲ್ ದೇವ್. ಹೊಳಪು ತೆಗೆಯಲು ಅಲ್ಲ, ವಿಕೆಟ್ ಕೀಳಲು ಚೆಂಡು ಕೊಡುತ್ತಿದ್ದರು. ಅಬೀದ್ ಅವರ 47 ಬರದ ವರ್ಷದ ಬೆಳೆ, ಬಿನ್ನಿಯವರ 47 ಮಳೆಯಾದ ವರ್ಷದ್ದು. ಚೀಲ ಎಣಿಸಿದರೆ ಎರಡೂ ಸಮ.

ಇಷ್ಟಾದ ಮೇಲೆ ಇನ್ನೊಂದು ಸಿಕ್ಕಿತು. ಬಿನ್ನಿ ಎಸೆದ ಎಷ್ಟೋ ಚೆಂಡುಗಳನ್ನು ವಿಕೆಟ್ ಹಿಂದೆ ಹಿಡಿದ ಬೆಂಗಳೂರಿನ ಸೈಯದ್ ಕಿರ್ಮಾನಿ ಇದ್ದಾರಲ್ಲ, ಅವರು ಅಬೀದ್ ಅಲಿಯವರ ಬೀಗರು! ಕಿರ್ಮಾನಿಯವರ ಮಗಳನ್ನು ಅಬೀದರ ಮಗನಿಗೆ ಕೊಟ್ಟಿತ್ತು. ನಾನು ಪಕ್ಕದ ಸೀಟಿನವರ ಭುಜ ಹಿಡಿದು ಅಲ್ಲಾಡಿಸಿ ಹೇಳಿಬಿಡುತ್ತಿದ್ದೆ, ಅವರು ನಿದ್ದೆಯಲ್ಲಿದ್ದರು.

ಬ್ಯಾಟು, ಚೆಂಡು ಎರಡರಲ್ಲೂ ಇಂಥ ಜೋಡಿ ಲೆಕ್ಕ ಇಟ್ಟವರು ಜಗತ್ತಿನಲ್ಲಿ ಬೇರೆಲ್ಲಾದರೂ ಇದ್ದಾರೆಯೇ ಎಂದು ಹುಡುಕಿದರೆ ಅಮೆರಿಕದ ಬೇಸ್‌ಬಾಲ್ ಎದುರಾಗುತ್ತದೆ. ಆ ಆಟ ನಮಗೆ ಅಪರಿಚಿತ, ಆದರೆ ಒಂದು ವಿಷಯ ಗೊತ್ತಾದರೆ ಸಾಕು. ಕ್ರಿಕೆಟ್‌ನಲ್ಲಿ ಹನ್ನೊಂದನೆಯವನೂ ಬ್ಯಾಟ್ ಹಿಡಿದು ಹೋಗಲೇಬೇಕು. ಅಲ್ಲಿ ಚೆಂಡೆಸೆಯುವ ಪಿಚರ್‌ಗೆ ಬ್ಯಾಟಿಂಗ್‌ನಿಂದ ವಿನಾಯಿತಿ. ಅಮೆರಿಕನ್ ಲೀಗ್ 1973ರಲ್ಲೇ ಅವನ ಬದಲು ಹೊಡೆಯಲು ಬೇರೆಯವನನ್ನು ನೇಮಿಸುವ ನಿಯಮ ತಂದಿತು. ಅಲ್ಲಿ ಎರಡೂ ಮಾಡುವವನು ಅಂದರೆ ಸವ್ಯಸಾಚಿ ಅಷ್ಟೇ ಅಲ್ಲ, ಪವಾಡ!

ಆ ಪವಾಡದ ಮೊದಲ ಹೆಸರು ಬೇಬ್ ರೂತ್. ಬಾಸ್ಟನ್ ತಂಡದಲ್ಲಿ 1916ರಲ್ಲಿ ಪಿಚರ್ ಆಗಿ 23 ಪಂದ್ಯ ಗೆದ್ದರು. 1918ರಲ್ಲಿ ಪಿಚರ್ ಆಗಿ 13 ಗೆಲುವು, ಬ್ಯಾಟಿನಿಂದ 11 ಹೋಮ್ ರನ್. ಮೈದಾನದಾಚೆಗೆ ಚೆಂಡು ಕಳಿಸುವುದೇ ಹೋಮ್ ರನ್, ನಮ್ಮ ಸಿಕ್ಸರಿನ ಅಣ್ಣ ಅನ್ನಿ. 1919ರಲ್ಲಿ 29 ಹೊಡೆದರು. ನ್ಯೂಯಾರ್ಕ್ ಯಾಂಕೀಸ್ ಅವರನ್ನು ಖರೀದಿಸಿ, ಇಷ್ಟು ಬೆಲೆಬಾಳುವ ಬ್ಯಾಟನ್ನು ಎಸೆತದಲ್ಲಿ ಯಾಕೆ ಸವೆಸಬೇಕು ಎಂದು ಪಿಚಿಂಗ್ ಬಿಡಿಸಿಬಿಟ್ಟಿತು. ಆ ತಂಡಕ್ಕಾಗಿ ಎಸೆದದ್ದು ಬರೀ ಐದು ಪಂದ್ಯ, ಐದನ್ನೂ ಗೆದ್ದರು! ರೂತ್ ಚೆಂಡಿನಿಂದ ಬ್ಯಾಟಿಗೆ ಹೊರಳಿದರು. ನಮ್ಮ ಬಿನ್ನಿ ಬ್ಯಾಟಿನಿಂದ ಚೆಂಡಿಗೆ ಹೊರಳಿದರು. ರಸ್ತೆ ಅದೇ, ಬಸ್ಸು ಎದುರುಬದಿರು.

ಆಮೇಲೆ ನೂರು ವರ್ಷ ಯಾರೂ ಇಲ್ಲ, 2018ರಲ್ಲಿ ಜಪಾನಿನಿಂದ ಶೋಹೇ ಒಹ್ತಾನಿ ಬಂದರು ಎಂದು ಎಲ್ಲೆಡೆ ಹೇಳುತ್ತಾರೆ. ಒಹ್ತಾನಿ ಅಸಾಮಾನ್ಯರೇ. ಬಲಗೈಯಲ್ಲಿ ಎಸೆದು ಎಡಗೈಯಲ್ಲಿ ಹೊಡೆಯುತ್ತಾರೆ. 2022ರಲ್ಲಿ 15 ಗೆಲುವು, 34 ಹೋಮ್ ರನ್. 2025ರ ಅಕ್ಟೋಬರ್ 17ರಂದು ಒಂದೇ ರಾತ್ರಿ ಎದುರಾಳಿ ಬ್ಯಾಟರ್‌ಗಳಲ್ಲಿ 10 ಮಂದಿಯನ್ನು ಬರೀ ಎಸೆತದಿಂದಲೇ ಔಟ್ ಮಾಡಿ, ಅಂದರೆ ಸ್ಟ್ರೈಕ್ ಔಟ್ ಮಾಡಿ, ಆರು ಇನ್ನಿಂಗ್ಸ್‌ನಲ್ಲಿ ಒಂದೂ ರನ್ ಕೊಡದೆ, ತಾವೇ ಮೂರು ಹೋಮ್ ರನ್ ಹೊಡೆದು ತಂಡವನ್ನು ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಗೆ ಕರೆದೊಯ್ದರು. ಓದುತ್ತ ಕೂತ ನನಗೇ ಮೈ ಜುಮ್ಮೆಂದಿತು.

ಆದರೆ ಆ ನೂರು ವರ್ಷ ಖಾಲಿ ಇರಲಿಲ್ಲ! ಅದರ ಮೊದಲ ದಶಕಗಳು ಕಪ್ಪು ಆಟಗಾರರನ್ನು ದೊಡ್ಡ ಲೀಗ್‌ಗಳು ಒಳಗೇ ಬಿಡದ ಕಾಲ. ಅವರು ಕಟ್ಟಿಕೊಂಡ ನೀಗ್ರೊ ಲೀಗ್‌ಗಳಲ್ಲಿ ಕಾನ್ಸಾಸ್ ಸಿಟಿ ಮೊನಾರ್ಕ್ಸ್‌ನ ಬುಲೆಟ್ ರೋಗನ್ ಎರಡೂ ಮಾಡುತ್ತಿದ್ದರು. ಒಂದೇ ಋತುವಿನಲ್ಲಿ ಕನಿಷ್ಠ 10 ಗೆಲುವು, 10 ಹೋಮ್ ರನ್ ಎಂಬ ರೂತ್ ಸಾಧನೆಯನ್ನು ಅವರು 1922ರಲ್ಲೇ ಮುಟ್ಟಿದ್ದರು. ಕ್ಯೂಬಾದ ಮಾರ್ಟಿನ್ ದಿಹಿಗೊ 1938ರ ಮೆಕ್ಸಿಕನ್ ಲೀಗ್‌ನಲ್ಲಿ ಪಿಚರ್ ಆಗಿ 18 ಗೆದ್ದು 2 ಸೋತರು, ಅದೇ ಋತುವಿನಲ್ಲಿ ಬ್ಯಾಟಿಂಗ್ ಸರಾಸರಿಯಲ್ಲೂ ಎಲ್ಲರಿಗಿಂತ ಮೇಲಿದ್ದರು. ನೀಗ್ರೊ ಲೀಗ್‌ಗಳಿಗೆ ಮೇಜರ್ ಲೀಗ್ ಎಂಬ ಮಾನ್ಯತೆ ಸಿಕ್ಕಿದ್ದು 2020ರ ಡಿಸೆಂಬರಿನಲ್ಲಿ. ಲೆಕ್ಕದ ಪುಸ್ತಕದ ಅರ್ಧ ಹಾಳೆಗಳನ್ನೇ ಅಂಟಿಸಿಟ್ಟು, ನೂರು ವರ್ಷದಲ್ಲಿ ಯಾರೂ ಇರಲಿಲ್ಲ ಅನ್ನುತ್ತಿದ್ದರು!

ಮತ್ತೆ ಅಬೀದ್, ಬಿನ್ನಿಯ ಜಗಳಕ್ಕೆ ಬಂದರೆ, ಇಬ್ಬರಲ್ಲಿ ಯಾರು ಎಂದು ನನ್ನನ್ನೇ ಕೇಳಿದರೆ, ಇಡೀ ಬದುಕಿನ ಆಟಕ್ಕೆ ಬಿನ್ನಿ. ಚಿಕ್ಕಮಗಳೂರಿನ 211ರಿಂದ ಲಾರ್ಡ್ಸ್‌ನ ವಿಶ್ವಕಪ್ ಫೈನಲ್‌ವರೆಗಿನ ದಾರಿಯನ್ನು ಬೇರೆ ಯಾರೂ ನಡೆದಿಲ್ಲ. ಒಂದೇ ಒಂದು ಪ್ರವಾಸಕ್ಕೆ ಆರಿಸು ಅಂದರೆ 1967-68ರ ಅಬೀದ್. ಚಹಾದಂಗಡಿಯ ಹಿರಿಯರಿಬ್ಬರಿಗೂ ಇದು ಒಪ್ಪಿಗೆಯಾಗಲಿಕ್ಕಿಲ್ಲ. ಅಬೀದ್ ಅಲಿ 2025ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡರು, 83ನೇ ವಯಸ್ಸಿನಲ್ಲಿ.

ಸಂಜೆಗೆ ತಾಂಡೂರು ಮುಟ್ಟಿದೆ. ಊರ ಹೊರಗೆ ಕಲ್ಲು ಪಾಲಿಶ್ ಮಾಡುವ ಘಟಕಗಳು, ಪಕ್ಕದ ಖಾಲಿ ಜಾಗದಲ್ಲಿ ಹುಡುಗರ ಆಟ. ಸ್ಟಂಪ್ ಇರಲಿಲ್ಲ, ಒಂದು ಫರ್ಸಿ ಕಲ್ಲನ್ನು ನೆಟ್ಟಗೆ ನಿಲ್ಲಿಸಿದ್ದರು. ಚೆಂಡು ತಾಕಿದರೆ ಊರಿಗೆಲ್ಲ ಕೇಳುವ ಸದ್ದು, ಅಂಪೈರ್ ಬೇಕಿಲ್ಲ. ಬ್ಯಾಟ್ ಹಿಡಿದಿದ್ದ ಹುಡುಗನನ್ನು ಕೇಳಿದೆ, 'ನೀ ಬ್ಯಾಟ್ಸ್‌ಮನ್ನೋ ಬೌಲರ್ರೋ?'

ಇದೆಂಥ ಪ್ರಶ್ನೆ ಎಂಬಂತೆ ನೋಡಿದ. 'ಎರಡೂ ಮಾಡ್ತೀನ್ರಿ ಕಾಕಾ. ಬಾಲ್ ನಂದೇ ಅದ.'

ಮುಂದಿನ ಎಸೆತಕ್ಕೆ ಕಲ್ಲು ಟಣ್ ಅಂದಿತು. ಅವನು ಬ್ಯಾಟನ್ನು ಅಲ್ಲೇ ಒಗೆದು, ಎದುರಿನವನ ಕೈಯಿಂದ ಚೆಂಡು ಕಸಿದುಕೊಂಡು, ರನ್‌ಅಪ್‌ಗೆಂದು ಹೆಜ್ಜೆ ಎಣಿಸುತ್ತ ಹಿಂದಕ್ಕೆ ಹೊರಟ. ತೆಲುಗಿನಲ್ಲಿ ಎಣಿಸುತ್ತಿದ್ದ.