56 ಬಿಟ್ ಬೀಗ ಮುರಿಯಿತು. 128 ಬಿಟ್ ಬೀಗದ ಗತಿ?

ಬ್ಯಾಂಕುಗಳ ಜಾಲತಾಣಗಳು ತಮ್ಮ ಸುರಕ್ಷತೆಯನ್ನು ಬಣ್ಣಿಸುವಾಗ ‘128 ಬಿಟ್’, ‘2048 ಬಿಟ್’ ಎಂಬ ಅಂಕಿಗಳನ್ನು ಮುಂದಿಡುವುದುಂಟು. ಅದು ಗೂಢಲಿಪಿಯ ಕೀಲಿಯ ಉದ್ದ. ಕೀಲಿ ಹುಡುಕುವುದಕ್ಕೆಂದೇ ಒಂದು ಯಂತ್ರ ಕಟ್ಟಿದರೆ ಈ ಉದ್ದ ಸಾಕಾದೀತೇ? ಇತಿಹಾಸ ಒಮ್ಮೆ ‘ಸಾಲದು’ ಎಂದು ಉತ್ತರಿಸಿದೆ.

ಅಮೆರಿಕ ಸರ್ಕಾರ 1977ರಲ್ಲಿ ಡಿಇಎಸ್ ಎಂಬ ವಿಧಾನವನ್ನು ಮಾನಕವಾಗಿ ಅಂಗೀಕರಿಸಿತು. ಬ್ಯಾಂಕುಗಳು ಅದನ್ನು ನೆಚ್ಚಿದವು. ಅದರ ಕೀಲಿ 56 ಬಿಟ್. ಸಾಧ್ಯವಿರುವ ಕೀಲಿಗಳು ಸುಮಾರು 720 ಕೋಟಿ ಕೋಟಿ. ಎರಡು ಕೋಟಿ ಡಾಲರ್ ಸುರಿದರೆ ಇದನ್ನು ಒಂದೇ ದಿನದಲ್ಲಿ ಭೇದಿಸುವ ಯಂತ್ರ ಕಟ್ಟಬಹುದೆಂದು ಡಿಫಿ ಮತ್ತು ಹೆಲ್ಮನ್ ಅದೇ ವರ್ಷ ಎಚ್ಚರಿಸಿದ್ದರು. 1998ರ ಜುಲೈನಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎರಡೂವರೆ ಲಕ್ಷ ಡಾಲರಿಗಿಂತ ಕಡಿಮೆ ವೆಚ್ಚದಲ್ಲಿ ‘ಡೀಪ್ ಕ್ರ್ಯಾಕ್’ ಕಟ್ಟಿ ತೋರಿಸಿತು. ಈ ಕೆಲಸಕ್ಕಾಗಿಯೇ ತಯಾರಾದ 1,800ಕ್ಕೂ ಹೆಚ್ಚು ಚಿಪ್‌ಗಳು ಸೆಕೆಂಡಿಗೆ 9,000 ಕೋಟಿ ಕೀಲಿಗಳನ್ನು ಪರೀಕ್ಷಿಸಿದವು. 56 ಗಂಟೆಗಳಲ್ಲಿ ಕೀಲಿ ಸಿಕ್ಕಿತು. 2006ರಲ್ಲಿ ಜರ್ಮನಿಯ ಸಂಶೋಧಕರು ಸುಮಾರು ಹತ್ತು ಸಾವಿರ ಡಾಲರ್ ವೆಚ್ಚದ ಯಂತ್ರದಿಂದ ಸರಾಸರಿ ಹತ್ತು ದಿನದೊಳಗೆ ಅದೇ ಕೆಲಸ ಮಾಡಿದರು.

ನಮ್ಮಲ್ಲಿಯೂ ಒಂದು ಸೋಜಿಗವಿತ್ತು. ಅಂತರ್ಜಾಲ ಸೇವಾ ಪರವಾನಗಿಯ ಪ್ರಕಾರ ಅನುಮತಿಯಿಲ್ಲದೆ 40 ಬಿಟ್‌ಗಿಂತ ಉದ್ದದ ಕೀಲಿ ಬಳಸುವಂತಿರಲಿಲ್ಲ. ಡೀಪ್ ಕ್ರ್ಯಾಕ್‌ನ ವೇಗದಲ್ಲಿ ಇದರ ಆಯಸ್ಸು ಹನ್ನೆರಡೇ ಸೆಕೆಂಡು! ಇತ್ತ ರಿಸರ್ವ್ ಬ್ಯಾಂಕು 2001ರ ಮಾರ್ಗಸೂಚಿಯಲ್ಲಿ ಅಂತರ್ಜಾಲ ಬ್ಯಾಂಕಿಂಗ್‌ಗೆ 128 ಬಿಟ್ ಬಳಸುವಂತೆ ಸೂಚಿಸಿತು.

ಹಾಗಾದರೆ 128 ಬಿಟ್ ಎಷ್ಟು ಭದ್ರ? ಒಂದು ಬಿಟ್ ಸೇರಿದರೆ ಹುಡುಕಾಟ ಇಮ್ಮಡಿಯಾಗುತ್ತದೆ. ಡೀಪ್ ಕ್ರ್ಯಾಕ್‌ಗಿಂತ ನೂರು ಕೋಟಿ ಪಟ್ಟು ವೇಗದ ಯಂತ್ರವಿದೆಯೆಂದೇ ಭಾವಿಸಿ. ಅದಕ್ಕೂ ಸರಾಸರಿ 6,000 ಕೋಟಿ ವರ್ಷ ಬೇಕು; ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. 2001ರಲ್ಲಿ ಡಿಇಎಸ್‌ನ ಉತ್ತರಾಧಿಕಾರಿಯಾಗಿ ಬಂದ ಎಇಎಸ್‌ನ ಕನಿಷ್ಠ ಕೀಲಿ ಇಷ್ಟುದ್ದ. ಚಿಪ್‌ಗಳ ರಾಶಿ ಹಾಕಿ ಇದನ್ನು ಗೆಲ್ಲುವ ಮಾತು ಬೇಡ.

ಆದರೆ 1024 ಬಿಟ್‌ನ ಆರ್‌ಎಸ್‌ಎ ಕೀಲಿ 128ರದಕ್ಕಿಂತ ಎಂಟು ಪಟ್ಟು ಬಲಶಾಲಿ ಎಂದುಕೊಂಡರೆ ತಪ್ಪು. ಅದು ದುರ್ಬಲವೇ ಸರಿ. ಅಲ್ಲಿ ಕೀಲಿಗಳನ್ನು ಒಂದೊಂದಾಗಿ ಹುಡುಕಬೇಕಿಲ್ಲ. ದೊಡ್ಡ ಸಂಖ್ಯೆಯೊಂದನ್ನು ಅಪವರ್ತನಗಳಾಗಿ ಒಡೆದರಾಯಿತು. ಒಂದು ಕೋಟಿ ಡಾಲರ್ ವೆಚ್ಚದ ವಿಶೇಷ ಯಂತ್ರ ವರ್ಷದೊಳಗೆ 1024 ಬಿಟ್ ಸಂಖ್ಯೆಯನ್ನು ಒಡೆಯಬಲ್ಲದೆಂದು ಶಮೀರ್ ಮತ್ತು ಟ್ರೋಮರ್ 2003ರಲ್ಲಿ ಅಂದಾಜಿಸಿದ್ದರು. ಅಂಥ ಯಂತ್ರವನ್ನು ಕಟ್ಟಿದ ಸುದ್ದಿ ಬಹಿರಂಗವಾಗಿ ಬಂದಿಲ್ಲ. ಆದರೂ 2020ರಲ್ಲಿ ಸಾಮಾನ್ಯ ಕಂಪ್ಯೂಟರುಗಳ ಸಮೂಹವೇ 829 ಬಿಟ್ ಸಂಖ್ಯೆಯನ್ನು ಒಡೆಯಿತು. 2048 ಬಿಟ್‌ಗೆ ಜಗತ್ತು ಬಡ್ತಿ ಪಡೆದದ್ದು ಸುಮ್ಮನೆ ಅಲ್ಲ.

ಆ 2048ಕ್ಕೂ ಕಂಟಕವಾಗಬಲ್ಲದ್ದು ಕ್ವಾಂಟಂ ಕಂಪ್ಯೂಟರ್. ಅಷ್ಟು ಸಮರ್ಥ ಯಂತ್ರ ಇನ್ನೂ ತಯಾರಾಗಿಲ್ಲ. ಆದರೆ ಇಂದು ಕದ್ದಿಟ್ಟ ಗೂಢಸಂದೇಶವನ್ನು ಮುಂದೆ ಅದರಿಂದ ತೆರೆಯಬಹುದೆಂಬ ಅಂಜಿಕೆಯಿಂದ ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲೇ ಹೊಸ ವಿಧಾನಗಳನ್ನು ಪ್ರಕಟಿಸಿದೆ.