ಕಡತದಲ್ಲಿ ಇದ್ದದ್ದೆಲ್ಲ ಇತಿಹಾಸವೇ?

ಕಾದಂಬರಿ ಕಟ್ಟುಕಥೆ ಎಂಬುದು ಎಲ್ಲ ಓದುಗರಿಗೂ ಗೊತ್ತು. ಆದರೆ ಕಥೆ ಶುರುವಾಗುವ ಮುನ್ನವೇ 'ವಾಸ್ತವ' ಎಂಬ ತಲೆಬರಹ ಹೊತ್ತ ಪುಟವೊಂದು ಎದುರಾದರೆ?

ಅಮೆರಿಕದ ಲೇಖಕ ಡಾನ್ ಬ್ರೌನ್ 2003ರಲ್ಲಿ ಹೊರತಂದ 'ದ ಡಾ ವಿಂಚಿ ಕೋಡ್' ಶುರುವಾಗುವುದೇ ಹಾಗೆ. ಯೇಸುಕ್ರಿಸ್ತ ಮಗ್ದಲದ ಮರಿಯಳನ್ನು ಮದುವೆಯಾಗಿದ್ದ, ಆ ವಂಶ ಇನ್ನೂ ಉಳಿದಿದೆ, ಚರ್ಚು ಈ ಗುಟ್ಟನ್ನು ಮುಚ್ಚಿಟ್ಟಿದೆ ಎಂಬುದು ಈ ಪತ್ತೇದಾರಿ ಕಾದಂಬರಿಯ ತಿರುಳು. ಗುಟ್ಟನ್ನು ಕಾಯುವ 'ಪ್ರಯರಿ ಆಫ್ ಸಿಯೋನ್' ಎಂಬ ಸಂಘ 1099ರಲ್ಲಿ ಸ್ಥಾಪನೆಯಾದ ನಿಜವಾದ ಸಂಸ್ಥೆ, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಅದರ ದಾಖಲೆಗಳು ಸಿಕ್ಕಿವೆ, ನ್ಯೂಟನ್, ವಿಕ್ಟರ್ ಹ್ಯೂಗೊ, ಲಿಯೊನಾರ್ಡೊ ಡಾ ವಿಂಚಿ ಅದರ ಸದಸ್ಯರು ಎನ್ನುತ್ತದೆ ಆ ಮೊದಲ ಪುಟ. ಕೋಟಿಗಟ್ಟಲೆ ಪ್ರತಿ ಖರ್ಚಾದ ಪುಸ್ತಕವನ್ನು ಅನೇಕರು ಇತಿಹಾಸದಂತೆಯೇ ಓದಿದರು.

ದಾಖಲೆಗಳು ಗ್ರಂಥಾಲಯದಲ್ಲಿ ಇದ್ದದ್ದು ನಿಜ. ಆದರೆ ಅಲ್ಲಿಗೆ ಅವನ್ನು ತಂದಿಟ್ಟವರು ಯಾರು?

ಸಂಘ ಹುಟ್ಟಿದ್ದು 1099ರಲ್ಲಲ್ಲ, 1956ರಲ್ಲಿ. ಸ್ವಿಟ್ಜರ್ಲೆಂಡಿನ ಗಡಿಗೆ ಅಂಟಿಕೊಂಡ ಫ್ರಾನ್ಸಿನ ಊರೊಂದರಲ್ಲಿ ಪಿಯೇರ್ ಪ್ಲಾಂತಾರ್ ಎಂಬಾತ ಕೆಲವು ಗೆಳೆಯರೊಂದಿಗೆ ಅದನ್ನು ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಿದ. ಸಿಯೋನ್ ಎಂಬುದು ಅಲ್ಲೇ ಹತ್ತಿರದ ಒಂದು ಬೆಟ್ಟದ ಹೆಸರು. ಸಂಘದ ಪತ್ರಿಕೆ ಚರ್ಚಿಸುತ್ತಿದ್ದ ಮಹಾರಹಸ್ಯವೆಂದರೆ ಕಡಿಮೆ ಬಾಡಿಗೆಯ ಸರ್ಕಾರಿ ಮನೆಗಳ ನಿವಾಸಿಗಳ ಕಷ್ಟಸುಖ!

ಪ್ಲಾಂತಾರನಿಗೆ ತಾನು ಫ್ರಾನ್ಸಿನ ಪ್ರಾಚೀನ ರಾಜವಂಶದ ಕುಡಿ ಎನಿಸಿಕೊಳ್ಳುವ ಹುಚ್ಚು. ಫಿಲಿಪ್ ದ ಷೆರಿಸೆ ಎಂಬ ಗೆಳೆಯ ಹಳೆಯ ಚರ್ಮಪತ್ರಗಳಂತೆ ಕಾಣುವ ಬರಹಗಳನ್ನು ಸೃಷ್ಟಿಸಿಕೊಟ್ಟ. ಸುಳ್ಳು ವಂಶಾವಳಿಗಳ ಕಡತವೊಂದು 1967ರಲ್ಲಿ ಗ್ರಂಥಾಲಯ ಸೇರಿತು. ಗ್ರಂಥಾಲಯದ ಕೆಲಸ ಬಂದದ್ದನ್ನು ಜೋಪಾನ ಮಾಡುವುದು, ಅದಕ್ಕೆ ಸತ್ಯದ ಮುದ್ರೆ ಒತ್ತುವುದಲ್ಲ. 1982ರಲ್ಲಿ ಮೂವರು ಇಂಗ್ಲಿಷ್ ಬರಹಗಾರರು ಈ ಕಡತಕ್ಕೆ ಯೇಸುವಿನ ಸಂತಾನದ ಊಹೆಯನ್ನು ಜೋಡಿಸಿ ಪುಸ್ತಕ ಬರೆದರು. ಪ್ಲಾಂತಾರನೇ ಅದನ್ನು ಒಪ್ಪಲಿಲ್ಲ. 1993ರಲ್ಲಿ ನ್ಯಾಯಾಧೀಶರೊಬ್ಬರ ಮುಂದೆ ಪ್ರಮಾಣ ಮಾಡಿ, ಎಲ್ಲವೂ ತನ್ನ ಕಲ್ಪನೆ ಎಂದು ಒಪ್ಪಿಕೊಂಡ. 2000ದಲ್ಲಿ ತೀರಿಕೊಂಡ. ಮೂರೇ ವರ್ಷದಲ್ಲಿ ಅವನ ಕಲ್ಪನೆ 'ವಾಸ್ತವ'ವಾಗಿ ಜಗತ್ತನ್ನು ಸುತ್ತಿತು.

ಇದರ ಬೆಲೆ ತೆತ್ತವರೂ ಇದ್ದಾರೆ. ದಕ್ಷಿಣ ಫ್ರಾನ್ಸಿನ ರೆನ್-ಲ-ಶಾತೊ ಎಂಬ ಗುಡ್ಡದ ಹಳ್ಳಿಯಲ್ಲಿ ಬೆರಾಂಜೆ ಸೊನಿಯೆರ್ ಎಂಬ ಪಾದ್ರಿಯಿದ್ದ. ಬಡ ಪಾದ್ರಿ ಬಂಗಲೆ, ಗೋಪುರ ಕಟ್ಟಿಸಿದ. ನಿಧಿ ಸಿಕ್ಕಿತೆಂದು, ಗುಪ್ತ ದಾಖಲೆ ಸಿಕ್ಕಿತೆಂದು ಆಮೇಲಿನವರು ಕಥೆ ಹೆಣೆದರು. ಪ್ಲಾಂತಾರನ ಕಡತಕ್ಕೂ ಈ ಕಥೆಯೇ ಬೇರು. ಬ್ರೌನ್ ಕಾದಂಬರಿಯಲ್ಲಿ ಮೊದಲು ಕೊಲೆಯಾಗುವವನಿಗೂ ಸೊನಿಯೆರ್ ಎಂದೇ ಹೆಸರು. ನಿಜವಾದ ಸೊನಿಯೆರನ ಹಣದ ಮೂಲ ಬೇರೆ: ಊರೂರಿಂದ ಅಂಚೆಯಲ್ಲಿ ದುಡ್ಡು ತರಿಸಿಕೊಂಡು, ತಾನು ನಡೆಸಲಾಗದಷ್ಟು ಪೂಜೆಗಳನ್ನು ಒಪ್ಪಿಕೊಳ್ಳುತ್ತಿದ್ದ. ಆ ತಪ್ಪಿಗೆ ಬಿಷಪ್ಪರು ಅವನನ್ನು ವಿಚಾರಣೆಗೆ ಗುರಿಪಡಿಸಿದ್ದರು. ಆದರೂ ನಿಧಿ ಹುಡುಕುವವರು ಬಂದು ಅಗೆದರು. ಹಳ್ಳಿಯ ಆಡಳಿತ 1965ರಲ್ಲೇ ಅಗೆತವನ್ನು ನಿಷೇಧಿಸಬೇಕಾಯಿತು. 1917ರಲ್ಲಿ ಸತ್ತವನ ಅವಶೇಷಗಳನ್ನು 2004ರಲ್ಲಿ ಸ್ಮಶಾನದಿಂದ ತೆಗೆದು ಬೇರೆಡೆ ಹೂಳಬೇಕಾಯಿತು.

ಪ್ಯಾರಿಸ್ಸಿನ ಸಾಂ ಸುಲ್ಪೀಸ್ ಚರ್ಚಿಗೂ ಇದೇ ಪಾಡು. ಅಲ್ಲಿನ ನೆಲದಲ್ಲಿ ಹಾಯ್ದಿರುವ ಹಿತ್ತಾಳೆಯ ಗೆರೆ ಪ್ರಾಚೀನ ದೇಗುಲದ ಗುರುತು ಎಂದಿತು ಕಾದಂಬರಿ. ಅದು 18ನೆಯ ಶತಮಾನದ ಖಗೋಳ ಸಾಧನ. ಈಸ್ಟರ್ ಹಬ್ಬದ ದಿನ ನಿರ್ಧರಿಸಲು ಬೇಕಾದ ವಿಷುವವನ್ನು ಸೂರ್ಯನ ಬೆಳಕಿನಿಂದ ಅಳೆಯಲು ಮಾಡಿದ್ದು. ಪ್ರಶ್ನಿಸುವವರ ದಂಡು ಬೆಳೆದಾಗ, ಕಾದಂಬರಿ ಹೇಳುವುದು ನಿಜವಲ್ಲ ಎಂಬ ಸೂಚನೆಯನ್ನೇ ಚರ್ಚಿನವರು ತೂಗುಹಾಕಿದರು.

ಮರಿಯಳ ಮದುವೆಗೆ ಕಾದಂಬರಿ ಕೊಡುವ ಸಾಕ್ಷ್ಯ 'ಫಿಲಿಪ್ಪನ ಸುವಾರ್ತೆ'. ಅದರಲ್ಲಿ 'ಸಂಗಾತಿ' ಎಂಬ ಮಾತಿದೆ, ಅರಾಮಿಕ್ ಭಾಷೆಯಲ್ಲಿ ಅದರರ್ಥ ಹೆಂಡತಿ ಎನ್ನುತ್ತದೆ ಅಲ್ಲಿನ ಒಂದು ಪಾತ್ರ. ಈಜಿಪ್ಟಿನಲ್ಲಿ 1945ರಲ್ಲಿ ದೊರೆತ ಆ ಹಸ್ತಪ್ರತಿ ಅರಾಮಿಕ್‌ನದಲ್ಲ, ಕಾಪ್ಟಿಕ್ ಭಾಷೆಯದು. ಆ ಮಾತು ಗ್ರೀಕಿನಿಂದ ಬಂದದ್ದು, ಜೊತೆಗಾರ ಎಂಬ ಅರ್ಥವೂ ಅದಕ್ಕಿದೆ.

2006ರಲ್ಲಿ ಕಾದಂಬರಿ ಸಿನಿಮಾ ಆಗಿ ಭಾರತಕ್ಕೆ ಬಂದಾಗ ಕ್ರೈಸ್ತ ಸಂಘಟನೆಗಳು ಪ್ರತಿಭಟಿಸಿದವು, ಕೆಲವು ರಾಜ್ಯಗಳು ನಿಷೇಧ ಹೇರಿದವು. ತಮಿಳುನಾಡು, ಆಂಧ್ರಗಳ ನಿಷೇಧವನ್ನು ಹೈಕೋರ್ಟುಗಳು ರದ್ದುಮಾಡಿದವು. ಸೆನ್ಸಾರ್ ಮಂಡಳಿ ಬಯಸಿದ್ದು ಇಷ್ಟೇ: ಇದು ಕಾಲ್ಪನಿಕ ಎಂಬ ಒಂದು ಸಾಲು ತೆರೆಯ ಮೇಲೆ ಬರಲಿ. ಪುಸ್ತಕದ 'ವಾಸ್ತವ' ಪುಟಕ್ಕೆ ಅದಕ್ಕಿಂತ ಒಳ್ಳೆಯ ತಿದ್ದುಪಡಿ ಬೇಕಿರಲಿಲ್ಲ.

ಇಂಥ ಕಾದಂಬರಿಗಳನ್ನು ಓದಬಾರದೆಂದಲ್ಲ. ನಿದ್ದೆಗೆಟ್ಟು ಓದಿಸಿಕೊಳ್ಳುವುದೇ ಅವುಗಳ ಗುಣ. ಆದರೆ ಚರ್ಚು ನಿಜ, ಚಿತ್ರ ನಿಜ, ಗ್ರಂಥಾಲಯ ನಿಜ ಎಂದ ಮಾತ್ರಕ್ಕೆ ಅವುಗಳ ನಡುವೆ ಹೆಣೆದ ದಾರ ನಿಜವಾಗದು. ದಾಖಲೆ ಇದೆ ಎಂದಾಗ ಯಾರು ಬರೆದರು, ಯಾವಾಗ ಬರೆದರು, ಅಲ್ಲಿ ಯಾರು ತಂದಿಟ್ಟರು ಎಂದು ಕೇಳಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಹಿರಿಯರ ಮಾತು ದೇವರನ್ನು ನಂಬುವವರಿಗೂ ನಂಬದವರಿಗೂ ಒಂದೇ.