ಒಂದು ಹೆಗಲು ನೊಂದಾಗ ಉಳಿದ ದೇಹ

ಬಳ್ಳಾರಿಯ ಪಾರ್ವತಿನಗರದ ಕಾಲೇಜು ತರುಣನೊಬ್ಬನನ್ನು ಊಹಿಸಿಕೊಳ್ಳೋಣ. ನಸುಕಿನಲ್ಲೆದ್ದು ವ್ಯಾಯಾಮಶಾಲೆಗೆ ಹೋಗುವುದು ಅವನ ರೂಢಿ. ಈಗ ಎಲ್ಲರ ಬಾಯಲ್ಲೂ ಅದು ಜಿಮ್. ಒಂದು ಸಂಜೆ ಕಬಡ್ಡಿಯಾಡುತ್ತ ಚಾಚಿದ ಬಲಗೈಯ ಮೇಲೆ ಬಿದ್ದನು. ಹೆಗಲಿನ ಕೀಲು ತಪ್ಪಿತು. ವೈದ್ಯರು ಕೀಲನ್ನು ಕೂರಿಸಿ, ಕೈಯನ್ನು ಕೊರಳಿನಿಂದ ಇಳಿಬಿಟ್ಟ ಪಟ್ಟಿಯಲ್ಲಿ ಇರಿಸಿ, ಕೆಲವು ವಾರ ಆ ಹೆಗಲಿಗೆ ವಿಶ್ರಾಂತಿ ಬೇಕೆಂದರು. ಮನೆಗೆ ಬಂದೊಡನೆ ಅವನಿಗೆ ಎರಡು ಬಗೆಯ ಉಪದೇಶ ಕಾದಿರುತ್ತದೆ. ಹಿರಿಯರು, "ಹಾಸಿಗೆ ಬಿಟ್ಟು ಏಳಬೇಡಪ್ಪ" ಎನ್ನುವರು. ಗೆಳೆಯರು, "ಹದಿನೈದು ದಿನ ಆದಮೇಲೆ ಸ್ವಲ್ಪ ನೋವು ತಡಕೊಂಡು ಎತ್ತಿದರಾಯಿತು" ಎನ್ನುವರು. ಈ ಎರಡು ಮಾತುಗಳೂ ಏಕೆ ತಪ್ಪು, ಇವುಗಳ ನಡುವೆ ನಡೆಯುವ ದಾರಿ ಯಾವುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಹೆಗಲಿನ ರಚನೆಯನ್ನು ನೋಡಬೇಕು. ಶಾಲೆಯ ಆಟೋಟಗಳಲ್ಲಿ ಬಾಯಲ್ಲಿ ಚಮಚ ಕಚ್ಚಿ, ಅದರ ಮೇಲೆ ನಿಂಬೆಹಣ್ಣನ್ನಿಟ್ಟು ಓಡಿದ ನೆನಪು ನಮ್ಮಲ್ಲಿ ಅನೇಕರಿಗಿದೆ. ಹೆಗಲಿನ ಕೀಲು ಹೆಚ್ಚುಕಡಮೆ ಹಾಗೆಯೇ ಇದೆ. ತೋಳಿನ ಮೂಳೆಯ ದುಂಡನೆಯ ತಲೆ ನಿಂಬೆಹಣ್ಣು. ಹೆಗಲ ಹಲಗೆಯ ಆಳವಿಲ್ಲದ ಕುಳಿ ಚಮಚ. ಆ ದುಂಡುತಲೆಯ ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗ ಮಾತ್ರ ಯಾವುದೇ ಗಳಿಗೆಯಲ್ಲಿ ಕುಳಿಗೆ ತಾಗಿರುತ್ತದೆ. ಕೈಯನ್ನು ಮೇಲಕ್ಕೆ, ಹಿಂದಕ್ಕೆ, ಬೆನ್ನಿನ ಹಿಂಬದಿಗೆ ತಿರುಗಿಸುವ ಸ್ವಾತಂತ್ರ್ಯ ನಮಗೆ ದೊರೆತಿರುವುದು ಈ ಸಡಿಲಿನಿಂದಲೇ. ಕೀಲು ಸುಲಭವಾಗಿ ತಪ್ಪುವುದೂ ಅದರಿಂದಲೇ. ಮೂಳೆ ಕೊಡದ ಭದ್ರತೆಯನ್ನು ಕುಳಿಯ ಅಂಚಿನ ಮೃದ್ವಸ್ಥಿಯ ಉಂಗುರ, ಸುತ್ತಲಿನ ಬಂಧನಿಗಳು ಮತ್ತು ಕೀಲನ್ನು ತಬ್ಬಿಕೊಂಡಿರುವ ನಾಲ್ಕು ಚಿಕ್ಕ ಸ್ನಾಯುಗಳು ಕೊಡುತ್ತವೆ. ಗಾಯವಾಗುವುದು ಸಾಮಾನ್ಯವಾಗಿ ಇವುಗಳಿಗೇ.

ಇವು ಮಾಯುವುದಕ್ಕೆ ತಮ್ಮದೇ ಆದ ಕಾಲವನ್ನು ತೆಗೆದುಕೊಳ್ಳುತ್ತವೆ. ಮೊದಲ ಕೆಲವು ದಿನ ಊತ ಮತ್ತು ಬಿಸಿ. ಮುಂದಿನ ವಾರಗಳಲ್ಲಿ ಹರಿದೆಡೆಯಲ್ಲಿ ಹೊಸ ಎಳೆಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಳ್ಳುವುವು. ಆ ಎಳೆಗಳು ಎಳೆತದ ದಿಕ್ಕಿಗೆ ಸಾಲುಗೊಂಡು ಗಟ್ಟಿಯಾಗಲು ತಿಂಗಳುಗಳೇ ಬೇಕು. ನೋವು ಮಾತ್ರ ಇವೆಲ್ಲಕ್ಕಿಂತ ಬಹಳ ಮೊದಲೇ ಇಳಿದುಬಿಡುತ್ತದೆ. ಗೆಳೆಯರ ಸಲಹೆಯ ದೋಷ ಇಲ್ಲಿದೆ: ನೋವಿಲ್ಲದ್ದನ್ನು ವಾಸಿಯಾದದ್ದೆಂದು ಅವರು ಎಣಿಸುತ್ತಾರೆ. ಇಪ್ಪತ್ತರೊಳಗಿನ ವಯಸ್ಸಿನಲ್ಲಿ ಒಮ್ಮೆ ಕೀಲು ತಪ್ಪಿ, ಶಸ್ತ್ರಚಿಕಿತ್ಸೆಯಿಲ್ಲದೆ ಮತ್ತೆ ಆಟಕ್ಕಿಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಮರಳಿ ತಪ್ಪುತ್ತದೆ. ತರುಣರು ಇದನ್ನು ಲಘುವಾಗಿ ಎಣಿಸಬಾರದು.

ಹಾಗಾದರೆ ಹಿರಿಯರ ಮಾತೇ ಸರಿಯೇ? 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತು ವರ್ಷ ವಯಸ್ಸಿನ ಆರೋಗ್ಯವಂತ ತರುಣರೈವರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ಪರೀಕ್ಷಿಸಲಾಯಿತು. ಶ್ರಮದ ವೇಳೆ ದೇಹವು ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣ ಅವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಕುಗ್ಗಿತು. ಮೂವತ್ತು ವರ್ಷಗಳ ಬಳಿಕ, 1996ರಲ್ಲಿ, ಅದೇ ಐವರನ್ನು ಪುನಃ ಕರೆಸಿ ಅಳೆದರು. ಮೂರು ವಾರದ ಹಾಸಿಗೆ ಅವರ ದುಡಿಯುವ ಶಕ್ತಿಗೆ ಮಾಡಿದಷ್ಟು ಹಾನಿಯನ್ನು ಮೂವತ್ತು ವರ್ಷದ ಮುಪ್ಪು ಕೂಡ ಮಾಡಿರಲಿಲ್ಲ! ನೊಂದದ್ದು ಹೆಗಲು, ಅದರ ಸಲುವಾಗಿ ಹೃದಯವನ್ನೂ ಕಾಲುಗಳನ್ನೂ ಮಲಗಿಸುವುದು ನ್ಯಾಯವಲ್ಲ. ನಮ್ಮ ಗರಡಿಗಳ ಎರಡು ಮುಖ್ಯ ಸಾಮುಗಳಲ್ಲಿ ದಂಡದ ಭಾರ ಹೆಗಲಿನ ಮೇಲೆ, ಬಸ್ಕಿಯ ಭಾರ ಕಾಲಿನ ಮೇಲೆ. ದಂಡ ನಿಂತಿತೆಂದು ಬಸ್ಕಿಯೂ ನಿಲ್ಲಬೇಕಾಗಿಲ್ಲ.

ಇಷ್ಟನ್ನು ಯಾರಾದರೂ ಒಪ್ಪಿಯಾರು. ನಂಬಲು ಕಷ್ಟವಾದ ಸಂಗತಿ ಮುಂದಿದೆ. 1894ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಸ್ಕ್ರಿಪ್ಚರ್ ಎಂಬ ಮನಃಶಾಸ್ತ್ರಜ್ಞನೂ ಅವನ ಸಹೋದ್ಯೋಗಿಗಳೂ ಒಂದು ಸರಳ ಪ್ರಯೋಗ ಮಾಡಿದರು. ಪಾದರಸದ ಕೊಳವೆಗೆ ಜೋಡಿಸಿದ ರಬ್ಬರಿನ ಉಂಡೆಯನ್ನು ಒಬ್ಬಾಕೆ ದಿನವೂ ಬಲಗೈಯಿಂದ ಮಾತ್ರ ಹಿಸುಕುತ್ತ ಬಂದಳು. ಕೆಲವು ದಿನಗಳಲ್ಲಿ ಬಲಗೈಯ ಹಿಡಿತ ಹೆಚ್ಚಿತು, ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಏನೂ ಮಾಡದೆ ಸುಮ್ಮನಿದ್ದ ಎಡಗೈಯ ಹಿಡಿತವೂ, ಬಲಗೈಯ ಗಳಿಕೆಯ ಅರ್ಧಕ್ಕಿಂತ ಹೆಚ್ಚಿನಷ್ಟು, ಬಲಗೊಂಡಿತ್ತು. ಆಮೇಲಿನ ನೂರು ವರ್ಷಗಳಲ್ಲಿ ಹಲವರು ಇದನ್ನು ಹಲವು ಬಗೆಯಲ್ಲಿ ಪರೀಕ್ಷಿಸಿದ್ದಾರೆ. ಆ ಫಲಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಸುಮ್ಮನಿದ್ದ ಅಂಗದ ಶಕ್ತಿ ಸರಾಸರಿ ನೂರಕ್ಕೆ 8ರಿಂದ 12ರಷ್ಟು ಹೆಚ್ಚುವುದೆಂದು ತಿಳಿದುಬಂದಿದೆ.

ಇದು ಹೇಗೆ ಸಾಧ್ಯ? ಸುಮ್ಮನಿದ್ದ ಕೈಯ ಸ್ನಾಯು ದಪ್ಪವಾಗುವುದಿಲ್ಲ. ಬದಲಾಗುವುದು ಅದಕ್ಕೆ ಆಜ್ಞೆ ಕಳುಹುವ ನರಮಂಡಲ. ಬಲಗೈಗೆ ಆಜ್ಞೆ ಮುಖ್ಯವಾಗಿ ಮಿದುಳಿನ ಎಡ ಗೋಳಾರ್ಧದಿಂದ ಬರುತ್ತದೆ. ಆದರೆ ಭಾರವಾದ ಕೆಲಸದ ವೇಳೆ ಇನ್ನೊಂದು ಗೋಳಾರ್ಧವೂ ತೆಪ್ಪಗಿರುವುದಿಲ್ಲ. ಇವೆರಡನ್ನು ಜೋಡಿಸುವ ನರತಂತುಗಳ ಸೇತುವೆಯೂ ಇದೆ. ಒಂದು ಕೈ ಕಲಿತ 'ಬಲ ಹಾಕುವ ವಿದ್ಯೆ'ಯಲ್ಲಿ ಇನ್ನೊಂದಕ್ಕೂ ಪಾಲು ಸಿಗುತ್ತದೆ. ಅದು ಯಾವ ಮಾರ್ಗವಾಗಿ ಸಿಗುತ್ತದೆಂಬ ವಿಷಯದಲ್ಲಿ ಮಾತ್ರ ವಿಜ್ಞಾನಿಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಹೆಗಲು ನೊಂದವನಿಗೆ ಇದರಿಂದೇನು ಪ್ರಯೋಜನ? ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾನಿಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆರೋಗ್ಯವಂತರ ಒಂದು ಹೆಗಲನ್ನು ನಾಲ್ಕು ವಾರ ಪಟ್ಟಿಯಲ್ಲಿ ಕಟ್ಟಿಡಲಾಯಿತು. ಕೆಲವರು ಆ ಅವಧಿಯಲ್ಲಿ ಬಿಡುವಾಗಿದ್ದ ಕೈಗೆ ಭಾರದ ಸಾಧನೆ ಕೊಟ್ಟರು, ಉಳಿದವರು ಕೊಡಲಿಲ್ಲ. ಸಾಧನೆ ಮಾಡಿದವರಲ್ಲಿ ಕಟ್ಟಿದ್ದ ತೋಳಿನ ಶಕ್ತಿಯೂ ಇತರರಿಗಿಂತ ಚೆನ್ನಾಗಿ ಉಳಿಯಿತು. ಆರೋಗ್ಯವಂತರಲ್ಲಿ ಕಂಡದ್ದು ರೋಗಿಗೂ ಅನ್ವಯಿಸುವುದೇ ಎಂದು ವಾಚಕರು ಕೇಳಬಹುದು, ಕೇಳಬೇಕಾದದ್ದೇ. ಮಣಿಕಟ್ಟಿನ ಬಳಿ ಮೂಳೆ ಮುರಿದ, ಐವತ್ತು ದಾಟಿದ ಮಹಿಳೆಯರ ಮೇಲೆ ಅದೇ ಬಳಗ 2013ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇನ್ನೊಂದು ಕೈಯನ್ನು ಸಾಧನೆಗೊಳಪಡಿಸಿದವರ ಮುರಿದ ಕೈಯ ಹಿಡಿತ 12ನೆಯ ವಾರದಲ್ಲಿ ಮುಂದಿತ್ತು. 26ನೆಯ ವಾರಕ್ಕೆ ಎರಡು ಗುಂಪುಗಳೂ ಸಮನಾದವು. ಪವಾಡವಲ್ಲ, ಕೆಲವು ವಾರಗಳ ಉಳಿತಾಯ. ಕಾಲೇಜು ತರುಣನಿಗೆ ಅದೂ ಸಣ್ಣದಲ್ಲ.

ಆದುದರಿಂದ ಪಾರ್ವತಿನಗರದ ನಮ್ಮ ತರುಣನು ವೈದ್ಯರ ಒಪ್ಪಿಗೆ ಪಡೆದು, ಪಟ್ಟಿಯನ್ನು ಬಿಚ್ಚದೆಯೇ ವ್ಯಾಯಾಮಶಾಲೆಗೆ ಹೋಗಬಹುದು. ನಿಂತಲ್ಲೇ ತುಳಿಯುವ ಸೈಕಲ್ಲು ಅವನಿಗೆ ಬಹಳ ಒಳ್ಳೆಯದು. ನೊಂದ ಕೈಯನ್ನು ಹಿಡಿಕೆಗೆ ಊರದೆ ನೆಟ್ಟಗೆ ಕುಳಿತರಾಯಿತು. ಕುಳಿತು ಕಾಲಿನಿಂದ ಭಾರ ತಳ್ಳುವ ಯಂತ್ರ, ಬರಿಗೈಯ ಬಸ್ಕಿ, ಕುಳಿತು ಎಡಗೈಯಿಂದ ಡಂಬೆಲ್ ಎತ್ತುವುದು, ಇವೆಲ್ಲ ಸಲ್ಲುತ್ತವೆ. ಸರಳನ್ನು ಬೆನ್ನ ಮೇಲಿರಿಸಿ ಹಾಕುವ ಬಸ್ಕಿ ಸಲ್ಲದು. ಸರಳನ್ನು ಹಿಡಿಯಲು ಹೆಗಲನ್ನು ಹೊರಕ್ಕೂ ಹಿಂದಕ್ಕೂ ತಿರುಗಿಸಬೇಕಾಗುತ್ತದೆ, ಮುಂದಕ್ಕೆ ತಪ್ಪಿದ ಕೀಲು ಹೆದರುವುದು ಆ ಭಂಗಿಗೇ. ಓಟ ಆರಂಭದಲ್ಲಿ ಬೇಡ: ಕುಲುಕಾಟವೂ ಉಂಟು, ಎಡವಿದರೆ ಮತ್ತೆ ಅದೇ ಕೈ ಮುಂದಾಗುವ ಭಯವೂ ಉಂಟು. ಬಳ್ಳಾರಿಯ ಬೇಸಗೆ 40 ಡಿಗ್ರಿ ದಾಟುತ್ತದಾದ್ದರಿಂದ ಪಟ್ಟಿಯಡಿಯ ಕಂಕುಳು ಬೆವರಿ ಹುಣ್ಣಾಗದಂತೆ ಸೂರ್ಯೋದಯಕ್ಕೆ ಮುಂಚೆಯೇ ಸಾಧನೆ ಮುಗಿಸುವುದು ಲೇಸು.

ನೊಂದ ಕೈಗೂ ಬೆರಳು, ಮಣಿಕಟ್ಟುಗಳ ಚಲನೆಯನ್ನು ವೈದ್ಯರು ಸಾಮಾನ್ಯವಾಗಿ ಬೇಗನೆ ಹೇಳಿಕೊಡುತ್ತಾರೆ. ಮುಂದೆ ಗಡಿಯಾರದ ಲೋಲಕದ ವ್ಯಾಯಾಮ. ಮುಂದಕ್ಕೆ ಬಾಗಿ, ಒಳ್ಳೆಯ ಕೈಯನ್ನು ಮೇಜಿಗೆ ಊರಿ, ನೊಂದ ಕೈಯನ್ನು ಸಡಿಲವಾಗಿ ತೂಗಲು ಬಿಡುವುದು. 1934ರಲ್ಲಿ ಹೆಗಲಿನ ಬಗೆಗೇ ಒಂದು ಗ್ರಂಥ ಬರೆದ ಬಾಸ್ಟನ್ನಿನ ಶಸ್ತ್ರವೈದ್ಯ ಕಾಡ್‌ಮನ್ನನ ಹೆಸರಿನಿಂದ ಇದು ಇಂದಿಗೂ ಪ್ರಸಿದ್ಧ. ತರುವಾಯ ಗೋಡೆಗೆ ಒತ್ತುವುದು, ರಬ್ಬರು ಪಟ್ಟಿ ಎಳೆಯುವುದು, ಹಗುರ ಭಾರ. ದಂಡ, ಬೆಂಚಿನ ಮೇಲೆ ಮಲಗಿ ಎತ್ತುವುದು, ತಲೆಯ ಮೇಲೆತ್ತುವುದು ಎಲ್ಲಕ್ಕೂ ಕೊನೆ.

ತಾಳ್ಮೆಯ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಬಳ್ಳಾರಿಯಿಂದ ಹೊಸಪೇಟೆಯ ದಾರಿಯಲ್ಲಿ ಸಿಗುವ ತೋರಣಗಲ್ಲಿನಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾಸಂಸ್ಥೆ ಆರಂಭವಾಯಿತು. ಭಲ್ಲೆಯ ಎಸೆತಗಾರ ನೀರಜ್ ಚೋಪ್ರಾ 2019ರ ಮೇ ತಿಂಗಳಲ್ಲಿ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಚೇತರಿಕೆಯ ದಿನಗಳನ್ನು ಕಳೆದದ್ದು ಇಲ್ಲಿ. ಅದು ಹೆಗಲಲ್ಲ, ಮೊಣಕೈ. ಆದರೂ ಎಸೆಯುವ ಕೈಯೇ. ಆ ವರ್ಷ ದೋಹಾದ ವಿಶ್ವ ಚಾಂಪಿಯನ್‌ಷಿಪ್ ಅವರ ಕೈತಪ್ಪಿತು. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕದಲ್ಲಿ 87.86 ಮೀಟರು ಎಸೆದು ಒಲಿಂಪಿಕ್ಸ್‌ಗೆ ಅರ್ಹರಾದರು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ 87.58 ಮೀಟರಿಗೆ ಚಿನ್ನ ಬಂತು. ಭಲ್ಲೆಯ ವೇಗ ಹುಟ್ಟುವುದು ಕಾಲು ಮತ್ತು ನಡುವಿನಲ್ಲಿ, ಕೈ ಅದರ ಕೊನೆಯ ಕೊಂಡಿ, ಎಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ಮರಳುವ ದಿನವನ್ನು ನಿರ್ಣಯಿಸುವುದು ಹೇಗೆ? ನೊಂದ ಕೈಯ ಶಕ್ತಿ ಒಳ್ಳೆಯ ಕೈಯ ಹತ್ತರಲ್ಲಿ ಒಂಬತ್ತು ಪಾಲಾದರೂ ಆಗಿರಬೇಕೆಂಬುದು ಭೌತಚಿಕಿತ್ಸಕರು ಸಾಮಾನ್ಯವಾಗಿ ಹಿಡಿಯುವ ಅಳತೆ. ಆದರೆ ಇಲ್ಲೊಂದು ತಮಾಷೆಯ ತೊಡಕಿದೆ. ಇಷ್ಟು ವಾರ ಸಾಧನೆ ಮಾಡಿದ ಒಳ್ಳೆಯ ಕೈ ಮೊದಲಿಗಿಂತ ಬಲಿಷ್ಠವಾಗಿರುತ್ತದೆ. ಅದರೊಡನೆ ಹೋಲಿಸಿದರೆ ಗೆರೆಯೇ ಮೇಲೇರಿರುತ್ತದೆ. ಆದಕಾರಣ ಸಾಧನೆ ಆರಂಭಿಸುವ ದಿನವೇ ಒಳ್ಳೆಯ ಕೈಯ ಶಕ್ತಿಯನ್ನು ಅಳೆಯಿಸಿ, ಆ ಅಂಕಿಯನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಬೇಕು.